ತೊಳೆದು ಬಂದ ಡಬ್ಬಿ

ನಮ್ಮ ಮನೆಯಲ್ಲಿ ಕಸದ ಬುಟ್ಟಿ ಅನ್ನುವುದೇ ಇರಲಿಲ್ಲ. ಹೀಗೆ ಹೇಳಿದರೆ ನಾನೇನೋ ದೊಡ್ಡಸ್ತಿಕೆ ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ, ಬುಟ್ಟಿಗೆ ಹಾಕಲು ಏನೂ ಇರುತ್ತಿರಲಿಲ್ಲ, ಅಷ್ಟೇ. ಒಲೆಯ ಬೂದಿ ಪಾತ್ರೆ ತಿಕ್ಕಲು ಹೋಗುತ್ತಿತ್ತು, ಕಾಳಿನ ಹೊಟ್ಟು ದನಕ್ಕೆ, ಉಳಿದದ್ದು ತಿಪ್ಪೆಗೆ. ತಾವರಗೇರಾದ ಸಂತೆಯಿಂದ ಬೆಲ್ಲ ಕಟ್ಟಿಸಿಕೊಂಡು ಬಂದ ಕಾಗದ ಮರುದಿನ ಒಲೆ ಹೊತ್ತಿಸುತ್ತಿತ್ತು. ಅದರ ದಾರವನ್ನು ಅವ್ವ ಗೋಡೆಯ ಮೊಳೆಗೆ ಸುತ್ತುತ್ತಿದ್ದಳು, ನಿಂಬೆಹಣ್ಣಿನಷ್ಟು ಆದ ಮೇಲೆ ಬಿಚ್ಚಿ ಕೌದಿ ಹೊಲಿಯಲು ಬಳಸುತ್ತಿದ್ದಳು. ಅಡುಗೆಯ ಒಳ್ಳೆಣ್ಣೆಗೆ ಒಂದು ಬಾಟಲಿ, ದೀಪದ ಚಿಮಣಿ ಎಣ್ಣೆಗೆ ಕೊರಳಿಗೆ ಹಗ್ಗ ಕಟ್ಟಿದ ಇನ್ನೊಂದು ಬಾಟಲಿ. ನಾನು ಹುಟ್ಟುವ ಮೊದಲು ಬಂದ ಆ ಎರಡು ಬಾಟಲಿಗಳೇ ನಾನು ಸಾಲಿ ಬಿಡುವವರೆಗೂ ಗಾಣಕ್ಕೂ ಅಂಗಡಿಗೂ ಓಡಾಡಿದವು.

ಮೊನ್ನೆ ನಮ್ಮ ಓಣಿಗೆ ನಾಲ್ಕೈದು ಹುಡುಗಿಯರು ಬಂದು ಚೀಟಿ ಹಂಚಿದರು. ಅಂಗಡಿಗೆ ಹೋಗುವಾಗ ಮನೆಯಿಂದಲೇ ಡಬ್ಬಿ ಒಯ್ಯಿರಿ, ಅದನ್ನೇ ಮತ್ತೆ ಮತ್ತೆ ತುಂಬಿಸಿಕೊಳ್ಳಿ, ಚಟ್ನಿಪುಡಿ ಉಪ್ಪಿನಕಾಯಿ ಮನೆಯಲ್ಲೇ ಮಾಡಿಕೊಳ್ಳಿ ಎಂದು ಬರೆದಿತ್ತು, ಅದೂ ಮಿರಮಿರ ಮಿಂಚುವ ದಪ್ಪ ಕಾಗದದ ಮೇಲೆ. ಮಾತೇನೋ ಒಳ್ಳೆಯದೇ. ಅದರಲ್ಲೊಬ್ಬಳು ನಗುತ್ತಾ, "ನಿಮ್ಮ ಕಾಲದಾಗ ಇದೆಲ್ಲಾ ಎಷ್ಟ ಚಂದ ಇತ್ತಲ್ರಿ ಅಜ್ಜಿ, ಒಂದೀಟ ಹೇಳ್ರಿ" ಅಂದಳು. ನಾನು ಕೆಲಸವಿದೆ ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಪಾಪ, ಆ ಹುಡುಗಿಯದೇನೂ ತಪ್ಪಿಲ್ಲ. ಡಬ್ಬಿ ಎಂಬ ಮಾತು ಬಂದರೆ ಈಗಲೂ ನಾನು ಅಲ್ಲಿ ನಿಲ್ಲಲಾರೆ. ಅವಳಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕನನ್ನು ಗಂಗಾವತಿಯ ಆಚೆ, ಕಾಲುವೆ ನೀರಿನ ಸೀಮೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮದು ಕುಷ್ಟಗಿ ತಾಲ್ಲೂಕಿನ ಒಣ ಭೂಮಿ. ಜೋಳ, ಸಜ್ಜೆ, ಶೇಂಗಾ. ಅವರದು ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ನಮ್ಮ ಓಣಿಯ ಹೆಂಗಸರೆಲ್ಲ ಅಕ್ಕನ ದೈವ ತೆರೆಯಿತು ಅಂದರು. ಅಕ್ಕ ಮಾತ್ರ ಮದುವೆಯಾದ ಮೂರನೇ ತಿಂಗಳಿಗೆ ಬಂದವಳು ಒಲೆಯ ಮುಂದೆ ಕೂತು, ಬಿಸಿ ರೊಟ್ಟಿಯ ಮೇಲೆ ಎಣ್ಣೆ ಹಾಕಿಕೊಂಡು ಗುರೆಳ್ಳು ಹಿಂಡಿ ಕಲಸಿ, ತಲೆ ಎತ್ತದೆ ನಾಲ್ಕು ರೊಟ್ಟಿ ತಿಂದಳು.

ನಮ್ಮ ಕಡೆ ಹಿಂಡಿ ಅಂದರೆ ಎರಡು. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವುದೂ ಹಿಂಡಿಯೇ, ಅದು ದನಕ್ಕೆ. ಗುರೆಳ್ಳೋ ಅಗಸೆಯೋ ಶೇಂಗಾವೋ ಹುರಿದು, ಒಣಖಾರ, ಬೆಳ್ಳುಳ್ಳಿ, ಉಪ್ಪು ಹಾಕಿ ಒಳ್ಳಿನಲ್ಲಿ ಕುಟ್ಟಿದ ಪುಡಿಯೂ ಹಿಂಡಿಯೇ, ಅದು ಮನುಷ್ಯರಿಗೆ. ಅವ್ವನ ಗುರೆಳ್ಳು ಹಿಂಡಿ ನಮ್ಮೂರಲ್ಲಿ ಹೆಸರಾಗಿತ್ತು. ಅದರ ರಹಸ್ಯವೇನೆಂದು ಕೇಳಿದವರಿಗೆಲ್ಲ "ರಟ್ಟಿ ನೋಯಬೇಕು" ಎಂದಷ್ಟೇ ಹೇಳುತ್ತಿದ್ದಳು.

ಅಕ್ಕ ಗಂಡನ ಮನೆಗೆ ಮರಳುವಾಗ ಅವ್ವ ಒಂದು ತಗಡಿನ ಡಬ್ಬಿಗೆ ಹಿಂಡಿ ತುಂಬಿ ಕೊಟ್ಟಳು. ಮೊಳಕೈ ಉದ್ದದ ಡಬ್ಬಿ. ಮೊದಲು ಅದರಲ್ಲಿ ಏನು ಬಂದಿತ್ತೋ ಯಾರಿಗೂ ಗೊತ್ತಿರಲಿಲ್ಲ, ಮೇಲಿನ ಬಣ್ಣವೆಲ್ಲ ಎಂದೋ ಹೋಗಿತ್ತು. ಮುಚ್ಚಳ ಎಷ್ಟು ಬಿಗಿಯೆಂದರೆ ಚಮಚದ ಹಿಂಬದಿಯಿಂದ ಎಬ್ಬಿಸಬೇಕಿತ್ತು. ಅಂದಿನಿಂದ ಆ ಡಬ್ಬಿ ತಿಂಗಳಿಗೊಮ್ಮೆ ಆ ಊರಿಗೂ ಈ ಊರಿಗೂ ತಿರುಗತೊಡಗಿತು. ಅಪ್ಪ ಗಂಗಾವತಿಗೆ ಹೋದಾಗ ತುಂಬಿದ್ದನ್ನು ಕೊಟ್ಟು, ಖಾಲಿಯಾದದ್ದನ್ನು ತರುತ್ತಿದ್ದ. ಖಾಲಿ ಅಂದೆ, ಆದರೆ ಯಾರ ಮನೆಯ ಡಬ್ಬಿಯನ್ನೂ ಬರಿದಾಗಿ ತಿರುಗಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಸಕ್ಕರೆಯೋ ಜೋಳವೋ ಏನಾದರೂ ಒಂದು ಹಿಡಿ ಹಾಕಿಯೇ ಕೊಡಬೇಕು. ಬರಿ ಡಬ್ಬಿ ಕೊಟ್ಟರೆ ಇನ್ನು ನಿಮ್ಮ ಸಂಬಂಧ ಸಾಕು ಅಂದಂತೆ. ಅದರಲ್ಲೂ ತೊಳೆದು ಬರಿದು ಮಾಡಿ ಕೊಟ್ಟರೆ ಮುಖಕ್ಕೆ ಹೊಡೆದಂತೆ.

ಅಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ. ಡಬ್ಬಿಯಲ್ಲಿ ಏನು ಬಂತು ಎಂಬುದರ ಮೇಲೆಯೇ ಅವ್ವ ಅವಳ ಸುದ್ದಿ ತಿಳಿಯುತ್ತಿದ್ದಳು. ಸಣ್ಣಕ್ಕಿ ಬಾಯಿತನಕ ತುಂಬಿ ಬಂದರೆ, "ಆರಾಮ ಅದಾಳ" ಎನ್ನುತ್ತಿದ್ದಳು. ತಳದಲ್ಲಿ ಒಂದು ಹಿಡಿ ಅವಲಕ್ಕಿ ಇದ್ದರೆ, "ಅತ್ತಿ ಮನ್ಯಾಗ ಇದ್ಲು ಕಾಣಸ್ತೈತಿ, ಕೈ ಆಡಿಲ್ಲ ಆಕೀದು" ಎಂದು ನಗುತ್ತಿದ್ದಳು.

ನನಗೆ ಹನ್ನೆರಡು ವರ್ಷವಾಗಿದ್ದಾಗ, ಸಾಲಿಯ ಸೂಟಿಯಲ್ಲಿ, ಎಂಟು ದಿನ ಅಕ್ಕನ ಊರಿಗೆ ಹೋದೆ. ಅಕ್ಕ ಐದು ತಿಂಗಳ ಬಸುರಿ. ಮುಖ ಇಳಿದಿತ್ತು, ತಿಂದದ್ದು ನಿಲ್ಲುತ್ತಿರಲಿಲ್ಲ. ನಾನು ಒಯ್ದ ಡಬ್ಬಿಯನ್ನು ಅವಳು ತೆರೆದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಅವಳ ಅತ್ತೆ ಗಟ್ಟಿ ದನಿಯ ಹೆಂಗಸು. "ಬಂತ ನೋಡ್ರವ್ವಾ ಒಣಭೂಮ್ಯಾರ ಹಿಂಡಿ! ನಮ್ಮ ಎಮ್ಮಿಗೂ ಒಂದೀಟ ಇಡ್ರಿ, ಹಾಲ ಹೆಚ್ಚ ಕೊಡ್ತೈತಿ" ಅಂದಳು. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ನನಗೆ ಸಿಟ್ಟು ಬಂತು. ಮರುಗಳಿಗೆಯೇ ಆ ಅತ್ತೆ ತನ್ನ ತಾಟು ಮುಂದೆ ಮಾಡಿ ಎರಡು ಚಮಚ ಹಾಕಿಸಿಕೊಂಡು ಅನ್ನಕ್ಕೆ ಕಲಸಿದ್ದನ್ನೂ ನೋಡಿದೆ. ಆದರೆ ನನ್ನ ತಲೆಯಲ್ಲಿ ಎಮ್ಮೆಯ ಮಾತಷ್ಟೇ ಉಳಿಯಿತು.

ನಾನಿರುವಾಗಲೇ ಆ ಹಿಂಡಿ ತೀರಿತು. ಮನೆಯವರೆಲ್ಲ ತಿಂದರು, ಅಕ್ಕನಂತೂ ಅದೊಂದನ್ನೇ ತಿಂದಳು. ಹೊರಡುವ ದಿನ ನನ್ನನ್ನು ಹಿತ್ತಲಿಗೆ ಕರೆದು ಡಬ್ಬಿಯನ್ನು ಕೈಯಲ್ಲಿಟ್ಟಳು.

"ಇದನ್ನ ಅವ್ವನ ಕೈಯಾಗ ಕೊಡು. ಏನ ತಿಂದ್ರೂ ವಾಂತಿ ಆಗಾಕತ್ತೈತಿ, ಈ ಹಿಂಡಿ ಒಂದ ಬಾಯಿಗೆ ಹತ್ತತೈತಿ ಅಂತ ಹೇಳು. ಲಗೂನ ತುಂಬಿ ಕಳಸು ಅನ್ನು. ಮರೀಬ್ಯಾಡವ್ವಾ."

"ಇದರಾಗ ಏನೈತಿ?" ಎಂದು ಕೇಳಿದೆ.

"ಅವ್ವಗ ಐತಿ" ಎಂದಳು.

ಮಾವ, ಅಂದರೆ ಅಕ್ಕನ ಗಂಡ, ಗಂಗಾವತಿಯವರೆಗೆ ಬಂದು ನನ್ನನ್ನು ಬಸ್ಸಿಗೆ ಹತ್ತಿಸಿ, ನಮ್ಮ ಕಡೆಯವನೇ ಆದ ಕಂಡಕ್ಟರನಿಗೆ ಒಪ್ಪಿಸಿ ಹೋದ. ಊರು ದಾಟುವ ಮೊದಲೇ ನಾನು ಲಂಗದ ಪಿನ್ನಿನಿಂದ ಮುಚ್ಚಳ ಎಬ್ಬಿಸಿದೆ. ಒಣಕೊಬ್ಬರಿ ಬೆಲ್ಲದ ಉಂಡಿ, ಐದು. ಏಲಕ್ಕಿಯ ವಾಸನೆ ಬಂತು. ಒಂದು ತಿಂದರೆ ಏನಾಗುತ್ತದೆ, ಎಷ್ಟಿದ್ದವು ಎಂದು ಅವ್ವನಿಗೇನು ಗೊತ್ತು ಎಂದು ಒಂದನ್ನು ತಿಂದೆ. ನಾಲ್ಕು ಇದ್ದರೂ ಮೂರು ಇದ್ದರೂ ಒಂದೇ ಎಂದು ಇನ್ನೊಂದು. ಬಸ್ಸು ಕನಕಗಿರಿ ಮುಟ್ಟುವಾಗ ಡಬ್ಬಿಯಲ್ಲಿ ಒಂದೇ ಉಂಡಿ ಉರುಳಾಡುತ್ತಿತ್ತು. ಒಂದೇ ಒಂದನ್ನು ಯಾರಾದರೂ ಕಳಿಸುತ್ತಾರೆಯೇ, ಕೇಳಿದರೆ ಸಿಕ್ಕಿಬೀಳುತ್ತೇನೆ ಎಂದು ಹೆದರಿ ಅದನ್ನೂ ತಿಂದುಬಿಟ್ಟೆ.

ಕನಕಗಿರಿಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಡಬ್ಬಿಯ ತಳಕ್ಕೆ ಕೊಬ್ಬರಿಯ ಪುಡಿ ಹತ್ತಿಕೊಂಡಿತ್ತು. ಕೆಳಗಿಳಿದು ಹೋಟೆಲಿನ ಹೊರಗಿದ್ದ ಬ್ಯಾರೆಲ್ಲಿನ ನೀರು ಮೊಗೆದು, ಮಣ್ಣು ಹಾಕಿ ಗಸಗಸ ತಿಕ್ಕಿ ತೊಳೆದೆ. ಅಷ್ಟು ಚೊಕ್ಕವಾಗಿ ನಾನು ಮನೆಯಲ್ಲಿ ಒಂದು ದಿನವೂ ಪಾತ್ರೆ ತೊಳೆದವಳಲ್ಲ. ಲಂಗದಿಂದ ಒರೆಸಿ, ಮುಚ್ಚಳ ಬಡಿದು, ದೊಡ್ಡ ಕೆಲಸ ಮುಗಿಸಿದವಳಂತೆ ಬಸ್ಸು ಹತ್ತಿದೆ. ಏನು ಮಾಡಿದೆನೆಂದು ಮನೆ ಮುಟ್ಟುವವರೆಗೆ ಹೊಳೆಯಲೇ ಇಲ್ಲ.

ಅವ್ವ ಚಮಚದಿಂದ ಮುಚ್ಚಳ ಎಬ್ಬಿಸಿ ಒಳಗೆ ನೋಡಿದಳು. ಕೈಹಾಕಿ ತಳ ಸವರಿದಳು. ತೇವ ಇನ್ನೂ ಆರಿರಲಿಲ್ಲ.

"ತೊಳದಾರ?" ಅಂದಳು.

ನಾನು ಚೀಲದೊಳಗಿನ ಬಟ್ಟೆ ತೆಗೆಯತೊಡಗಿದೆ.

"ಏನಂದ್ಲು ನಿಮ್ಮಕ್ಕ?"

ಆಗ ಅಕ್ಕ ಹೇಳಿದ್ದನ್ನು ಹೇಳಿಬಿಡಬಹುದಿತ್ತು. ಆದರೆ ಅದನ್ನು ಹೇಳಿದರೆ, ಹಿಂಡಿ ಬೇಡಿದ ಮಗಳು ಬರಿ ಡಬ್ಬಿ ಯಾಕೆ ಕಳಿಸಿದಳು ಎಂಬ ಪ್ರಶ್ನೆ ಬರುತ್ತಿತ್ತು. ಆ ಪ್ರಶ್ನೆ ನೆಟ್ಟಗೆ ನನ್ನ ಬಾಯಿಗೇ ಬಂದು ನಿಲ್ಲುತ್ತಿತ್ತು.

"ಅಕ್ಕ ಏನೂ ಅನ್ಲಿಲ್ಲ. ಅವರತ್ತಿ ಅಂದ್ಲು, ಹಿಂಡಿ ಎಮ್ಮಿಗೆ ಇಡ್ರಿ ಅಂತ" ಎಂದೆ.

ಅತ್ತೆಯ ಬಗ್ಗೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅವ್ವ ನಂಬಿದಳು. ಅವಳ ಮುಖ ಕಪ್ಪಿಟ್ಟಿತು. ಬೈಯಲಿಲ್ಲ, ಅಳಲಿಲ್ಲ. ಡಬ್ಬಿಯನ್ನು ಅಟ್ಟದ ಮೇಲೆ ಬೋರಲು ಹಾಕಿ, ಅರ್ಧ ಬಿಟ್ಟಿದ್ದ ಜೋಳ ಹಸನು ಮಾಡಲು ಕೂತಳು.

ಮುಂದಿನ ಸಲ ಅಪ್ಪ ಗಂಗಾವತಿಗೆ ಹೊರಟು, "ಡಬ್ಬಿ ಎಲ್ಲೈತಿ?" ಎಂದಾಗ ಅವ್ವ "ಹಿಂಡಿ ಕುಟ್ಟಿಲ್ಲ" ಎಂದಳು. ಅದರ ಮುಂದಿನ ಸಲವೂ ಅದೇ ಮಾತು. ಅಪ್ಪ ಹೆಂಗಸರ ಉಸಾಬರಿ ತನಗ್ಯಾಕೆಂದು ಸುಮ್ಮನಾದ; ಕೊಡಲು ಏನೂ ಇಲ್ಲದ್ದರಿಂದ ಮಗಳ ಊರಿಗೆ ಹೋಗದೆ ಗಂಗಾವತಿಯಿಂದಲೇ ತಿರುಗಿ ಬಂದ. ನಾನು ಪ್ರತಿ ಸಲ ಬಾಗಿಲ ಮರೆಯಲ್ಲಿ ನಿಂತಿರುತ್ತಿದ್ದೆ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ. ದಿನ ಹೋದಂತೆ ಹೇಳುವುದು ಇನ್ನಷ್ಟು ಕಷ್ಟವಾಗುತ್ತದೆ ಎಂಬುದು ಮಕ್ಕಳಿಗೆ ತಿಳಿಯುವುದಿಲ್ಲ. ನನಗೆ ಈಗಲೂ ತಿಳಿದಿಲ್ಲ, ನನ್ನ ಸ್ವಭಾವವೇ ಹಾಗೆ.

ಏಳನೇ ತಿಂಗಳಿಗೆ ಅಕ್ಕನ ಕುಬಸ, ಅಂದರೆ ಸೀಮಂತ, ಬಂತು. ತವರಿನವರು ಬುತ್ತಿ ಕಟ್ಟಿಕೊಂಡು ಹೋಗಬೇಕು; ಮಾದಲಿ, ಕರ್ಚಿಕಾಯಿ, ಉಂಡಿ, ಬಗೆಬಗೆಯ ಹಿಂಡಿ, ಎಲ್ಲ ತವರಿನ ಒಲೆಯ ಮೇಲೆಯೇ ಆಗಬೇಕು. ಓಣಿಯ ಹೆಂಗಸರು ಒಳ್ಳು ಒನಕೆ ಹಿಡಿದು ಬರಲು ತಯಾರಾಗಿದ್ದರು. ಅವ್ವ ಯಾರನ್ನೂ ಕರೆಯಲಿಲ್ಲ. ಅಪ್ಪನನ್ನು ಕುಷ್ಟಗಿಗೆ ಕಳಿಸಿ, ರಟ್ಟಿನ ಡಬ್ಬದಲ್ಲಿ ಹಾಕಿ ದಾರ ಕಟ್ಟಿದ ಅಂಗಡಿಯ ಮಿಠಾಯಿ, ಖಾರ ಸೇವು, ಬಣ್ಣದ ಕಾಗದದ ಬಿಸ್ಕೀಟು ಪುಡಿಕೆಗಳನ್ನು ತರಿಸಿದಳು. ನಮ್ಮ ಮನೆಗೆ ಅಷ್ಟೊಂದು ಪುಡಿಕೆಗಳು ಒಮ್ಮೆಲೇ ಬಂದದ್ದು ಅದೇ ಮೊದಲು.

"ಹಿಂಗ್ಯಾಕ ಮಾಡ್ತಿ? ಮಂದಿ ಏನಂದಾರು?" ಎಂದು ಅಪ್ಪ ಕೇಳಿದ.

"ತೊಳದು ಕಳಸೂ ತ್ರಾಸ ಇರೂದಿಲ್ಲ ಅವರಿಗೆ. ತಿಂದು ಕಾಗದ ಒಗೀಲಿ" ಅಂದಳು ಅವ್ವ. ಮೈಯಲ್ಲಿ ಆರಾಮಿಲ್ಲ ಎಂದು ನೆವ ಹೇಳಿ ತಾನು ಹೋಗಲೂ ಇಲ್ಲ. ಅಪ್ಪ, ಚಿಗವ್ವ ಇಬ್ಬರೇ ಹೋಗಿ ಬಂದರು.

ತಿರುಗಿ ಬಂದ ಅಪ್ಪ ಕಾಲು ತೊಳೆಯುವ ಮೊದಲೇ ಹೇಳಿದ. "ಪುಡಿಕೆಲ್ಲಾ ಒಂದೊಂದ ಎತ್ತಿ ಸರಸಿ ನೋಡಿದ್ಲು. ಡಬ್ಬಿ ತಂದಿಲ್ಲೇನಪ್ಪಾ ಅಂದ್ಲು. ಅದೊಂದ ಕೇಳಿದ್ಲು ನೋಡು, ಮತ್ತೇನೂ ಕೇಳಲಿಲ್ಲ."

ಸಂಜೆ ಅವ್ವ ಗುರೆಳ್ಳಿನ ಗಡಿಗೆ ಇಳಿಸಿ, ಮೊರಕ್ಕೆ ಸುರುವಿಕೊಂಡು ಕಲ್ಲು ಆರಿಸುತ್ತಾ ಕೂತಳು. "ಬರೂ ಅಮಾಸಿ ಕಳದ ಮ್ಯಾಲೆ ಹಡಿಯಾಕ ಕರಕೊಂಡ ಬರೂಣು. ಇಲ್ಲೇ ಉಣ್ಣಲಿ, ಎಷ್ಟ ಬೇಕಾದಷ್ಟ" ಎಂದು ತನಗೇ ಹೇಳಿಕೊಂಡಳು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಕ್ಕ ಬರುತ್ತಾಳೆ, ಹಿಂಡಿ ತಿನ್ನುತ್ತಾಳೆ, ನಾನು ಯಾರಿಗೂ ಏನೂ ಹೇಳಬೇಕಾಗಿಲ್ಲ.

ಅಮಾವಾಸ್ಯೆಗೆ ಇನ್ನೂ ಆರು ದಿನವಿತ್ತು. ಅಕ್ಕನ ಊರಿನಿಂದ ಒಬ್ಬ ಮನುಷ್ಯ ಬೆಳಿಗ್ಗೆಯ ಬಸ್ಸಿಗೆ ಬಂದಿಳಿದು, ನೀರು ಕೊಟ್ಟರೆ ಕುಡಿಯದೆ ಅಂಗಳದಲ್ಲೇ ನಿಂತ. ಅಕ್ಕನ ಕೈಕಾಲು ಬಾತಿದ್ದವಂತೆ, ತಲೆನೋವು ಎನ್ನುತ್ತಿದ್ದಳಂತೆ. ಹಿಂದಿನ ದಿನ ಮೈಯೆಲ್ಲ ಸೆಟೆದು ಸೆಳವು ಬಂದು, ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಗಂಗಾವತಿಯ ದವಾಖಾನೆಗೆ ಹೊರಟರೆ ದಾರಿಯಲ್ಲೇ ಹೋಗಿಬಿಟ್ಟಳಂತೆ. ಹೊಟ್ಟೆಯಲ್ಲಿದ್ದದ್ದೂ ಅವಳ ಜೊತೆಗೇ ಹೋಯಿತು.

ಹಿಂಡಿ ತಿಂದಿದ್ದರೆ ಅಕ್ಕ ಬದುಕುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಅಷ್ಟು ದಡ್ಡಿ ನಾನಲ್ಲ. ಅವಳ ರೋಗವೇ ಬೇರೆ, ಅದರ ಹೆಸರೂ ಈಗ ನನಗೆ ಗೊತ್ತು. ಆದರೆ ಬಸುರಿ ಹೆಂಗಸು ಬಾಯಿಬಿಟ್ಟು ಬಯಸಿದ ಒಂದೇ ಒಂದು ವಸ್ತು, ಬಸ್ಸು ಹತ್ತಿದರೆ ಅರ್ಧ ದಿನದ ದಾರಿಯಲ್ಲಿ, ಅವಳ ತಾಯಿಯ ಗಡಿಗೆಯಲ್ಲೇ ಇತ್ತು. ತವರಿಗೆ ಹೇಳಿ ಕಳಿಸಿದೆ, ಅವ್ವ ಕಳಿಸಲಿಲ್ಲ ಎಂದುಕೊಂಡೇ ಅವಳು ಹೋದಳು. ಇದನ್ನು ಯಾವ ದವಾಖಾನೆಯೂ ಮಾಡಲಿಲ್ಲ. ನಾನು ಮಾಡಿದೆ.

ಮಣ್ಣು ಮುಗಿದ ಮೇಲೆ ಅವ್ವ ಆ ಮನೆಯ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಅವಳ ಸೆರಗು ಹಿಡಿದು ಪಕ್ಕದಲ್ಲಿದ್ದೆ. ಅಕ್ಕನ ಅತ್ತೆ ಒಳಗಿನಿಂದ ಒಂದು ಚೀಲ ತಂದು ಮುಂದಿಟ್ಟಳು. ಕುಬಸಕ್ಕೆ ಕಳಿಸಿದ ಬಿಸ್ಕೀಟು ಪುಡಿಕೆಗಳು, ಒಂದನ್ನೂ ಒಡೆದಿರಲಿಲ್ಲ. ಆ ಗಟ್ಟಿ ದನಿಯ ಹೆಂಗಸಿನ ದನಿ ಅಂದು ಮೇಲೇಳುತ್ತಿರಲಿಲ್ಲ.

"ಬಾಯಿಗೆ ಹತ್ತಲಿಲ್ರಿ ಆಕಿಗೆ. ದಿನಾ ಹಿಂಡಿ ಹಿಂಡಿ ಅಂತಿದ್ಲು. ನಾನೂ ಹಂಗ ರುಚಿ ಹತ್ತಿಸಿಕೊಂಡಿದ್ನಿ, ಬಾಯಿಲೆ ಎಮ್ಮಿಗೆ ಇಡ್ರಿ ಅಂತಿದ್ನಿ ಚ್ಯಾಷ್ಟಿಗೆ. ಯಾಕ ಕಳಸಲಿಲ್ರಿ ಅಕ್ಕಾರ?"

ಅವ್ವ ಅವಳನ್ನೇ ನೋಡಿದಳು.

"ಬಯಕಿಗೆ ಅಂತ ನಮ್ಮ ನಾದಿನಿ ಕೊಬ್ಬರಿ ತಂದು ಕೊಟ್ಟಿದ್ಲು. ತಾ ತಿನ್ನಲಿಲ್ಲ. ಅವ್ವಗ ಅಂತ ಐದ ಉಂಡಿ ಕಟ್ಟಿ ಡಬ್ಯಾಗ ಹಾಕಿ ಕಳಸಿದ್ಲು, ನಮಗ ಗೊತ್ತಾಗಬಾರದಂತ ಮುಚ್ಚಿ ಇಟ್ಟಿದ್ಲು ಹುಚ್ಚಿ. ಗೊತ್ತಾದ್ರ ನಾ ಏನ ಬ್ಯಾಡ ಅಂತಿದ್ನೇನು? ತಿಂದ್ರಿಲ್ಲ ನೀವು?"

ನನ್ನ ಕೈಯಲ್ಲಿದ್ದ ಸೆರಗು ಬಿಗಿಯಾಯಿತು. ಅವ್ವ ನನ್ನ ಕಡೆ ತಿರುಗಿದಳು. ಒಂದು ಉಸಿರಿನಷ್ಟು ಹೊತ್ತು ನನ್ನ ಮುಖ ನೋಡಿದಳು. ಎಲ್ಲವನ್ನೂ ಓದಿಕೊಂಡಳು. ಇಷ್ಟು ಜನರ ಮುಂದೆ ನನ್ನ ಕೂದಲು ಹಿಡಿದು ಎಳೆಯುತ್ತಾಳೆ ಎಂದುಕೊಂಡೆ. ಎಳೆದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ತಿಂದ್ವಿರಿ" ಅಂದಳು ಅವ್ವ. "ಛಲೋ ಆಗಿದ್ವು."

ಊರಿಗೆ ಬಂದ ಮೇಲೆ ಅವ್ವ ಹಿಂಡಿ ಕುಟ್ಟುವುದನ್ನು ಬಿಟ್ಟಳು. ಮೊದಮೊದಲು ಅಪ್ಪ ಕೇಳುತ್ತಿದ್ದ, ಆಮೇಲೆ ಬಿಟ್ಟ. ಎಂಬತ್ತರ ದಶಕಕ್ಕೆ ನಮ್ಮೂರಿನ ಅಂಗಡಿಯಲ್ಲೂ ಪ್ಲಾಸ್ಟಿಕ್ ಪಾಕೀಟುಗಳು ದಾರಕ್ಕೆ ಜೋತುಬಿದ್ದವು. ಒಣಖಾರ, ಮಸಾಲೆ, ಕೊನೆಗೆ ಶೇಂಗಾ ಹಿಂಡಿಯೂ ಪಾಕೀಟಿನಲ್ಲಿ ಬಂತು. ಅದನ್ನು ಮೊದಲು ಕೊಂಡವಳು ನಮ್ಮವ್ವ. ಓಣಿಯ ಹೆಂಗಸರು ಬಾಯಿ ಬಾಯಿ ಬಡಿದುಕೊಂಡರು. ನಮ್ಮ ತಿಪ್ಪೆಯಲ್ಲಿ ಕೊಳೆಯದ ವಸ್ತುಗಳು ಮಿನುಗತೊಡಗಿದವು. ಅವ್ವನಿಗೆ ಮೈಗಳ್ಳತನ ಬಂತು ಎಂದರು. ನಾನು ಎಲ್ಲ ತಿಳಿದೂ ಬಾಯಿ ಮುಚ್ಚಿಕೊಂಡಿದ್ದೆ.

ನನ್ನ ಮದುವೆಯಾಗಿ, ಗಂಡನ ನೌಕರಿಯ ದೆಸೆಯಿಂದ ಮುನಿರಾಬಾದಿನ ಕ್ವಾರ್ಟರ್ಸಿನಲ್ಲಿ ಮನೆ ಮಾಡಿದೆವು. ಚೊಚ್ಚಲ ಬಸುರಿಯಲ್ಲಿ ಡಾಕ್ಟರು ನನಗೆ ಬಸ್ಸಿನ ಪ್ರಯಾಣ ಬೇಡ ಎಂದದ್ದರಿಂದ ಅವ್ವನೇ ಬಂದಳು. ಕೈಚೀಲದ ತುಂಬ ಪಾಕೀಟುಗಳು. ಒಲೆಯ ಮುಂದೆ ಕೂತು ಒಂದರ ಮೂಲೆಯನ್ನು ಹಲ್ಲಿನಿಂದ ಹರಿದು, ಶೇಂಗಾ ಹಿಂಡಿಯನ್ನು ನನ್ನ ತಾಟಿಗೆ ಸುರಿದಳು. ಖಾಲಿ ಪಾಕೀಟನ್ನು ಕೈಯಲ್ಲೇ ಮಡಚುತ್ತಾ ಕೂತಳು. ನಾನು ರೊಟ್ಟಿ ಮುರಿದೆ. ಅದನ್ನು ಹಿಂಡಿಗೆ ಅದ್ದುತ್ತಾ ಕೂತೆ.

"ಅವತ್ತ ಬಸ್ಸಿನಾಗ" ಎಂದಳು ಅವ್ವ, ಪಾಕೀಟನ್ನೇ ನೋಡುತ್ತಾ. ಹತ್ತು ವರ್ಷದಲ್ಲಿ ಅವಳು ಆ ಮಾತು ಎತ್ತಿದ್ದು ಅದೇ ಮೊದಲ ಸಲ. "ಭಾಳ ಹಸಿವಿ ಆಗಿತ್ತೇನ ನಿನಗ?"

ನಾನು ತಲೆ ಎತ್ತಲಿಲ್ಲ. "ಹೂಂ" ಅಂದೆ.

"ಅದಕ್ಕ ಮತ್ತ" ಎಂದಳು. ಅವಳ ದನಿಯಲ್ಲಿ ಏನೋ ಸಡಿಲವಾಯಿತು. "ಸಣ್ಣಾಕಿ ಇದ್ದಿ. ಹಸದ ಕೂಸು ಮತ್ತೇನ ಮಾಡೀತು. ಉಣ್ಣು, ರೊಟ್ಟಿ ಆರತೈತಿ."

ನನಗೆ ಹಸಿವೆಯಾಗಿರಲಿಲ್ಲ. ಆ ದಿನ ಹೊರಡುವ ಮೊದಲು ಅಕ್ಕ ನನ್ನನ್ನು ಮುಂದೆ ಕೂರಿಸಿಕೊಂಡು, ಸಾಕು ಸಾಕು ಎಂದರೂ ಬಿಡದೆ, ಹೊಟ್ಟೆ ತುಂಬ ಉಣಿಸಿದ್ದಳು.